ಬೇಳೆ ಮಿಲ್ಲಿನ ಸಪ್ಪಳದಿಂದ ಕಿವಿ ಉಳಿಸಿಕೊಳ್ಳುವುದು ಹೇಗೆ: ಒಬ್ಬ ಫಿಟರ್ ಬರೆದದ್ದು

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ ನಾನು 27 ವರ್ಷ ಫಿಟರ್ ಕೆಲಸ ಮಾಡಿದ್ದೇನೆ. ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ನಮ್ಮದೊಂದು ಹಳೇ ವಿದ್ಯೆ ಇದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚುವುದು. ಚಲೋ ಬೇರಿಂಗ್ ಗುಂ ಅನ್ನುತ್ತದೆ, ಹಾಳಾಗುತ್ತಿರುವುದು ಸಣ್ಣಗೆ ಚೀಂ ಅನ್ನುತ್ತದೆ. ನಾಲ್ಕು ವರ್ಷದ ಹಿಂದೆ, ಭರ್ತಿ ತೊಗರಿ ಸೀಜನ್ನಿನಲ್ಲಿ, ಕಾಳಿನ ಸಿಪ್ಪೆ ತೆಗೆಯುವ ರೋಲಿನ ಬೇರಿಂಗಿಗೆ ಹೀಗೆ ಕಿವಿ ಕೊಟ್ಟು "ಏನೂ ಆಗಿಲ್ಲ, ನಡಸ್ರಿ" ಅಂದೆ. ಹೆಲ್ಪರ್ ಹುಡುಗ ಸ್ಕ್ರೂಡ್ರೈವರ್ ಇಸಗೊಂಡು ತಾನೂ ಕೇಳಿದ. "ಕಾಕಾ, ಚೀರಾಕತ್ತದಲ್ರಿ, ನಿಮಗ ಕೇಳವಲ್ದೇನು?" ಅಂದ. ಬಿಚ್ಚಿ ನೋಡಿದರೆ ಗುಂಡುಗಳು ಉರುಳುವ ಹಾದಿಯಲ್ಲಿ ಗುಳಿ ಬಿದ್ದಿದ್ದವು.

ಆಸ್ಪತ್ರೆಯಲ್ಲಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ, ಮಾಡಿಸಿದೆ. ಗ್ರಾಫಿನ ಗೆರೆ 4000 ಹರ್ಟ್ಸ್ ಹತ್ತಿರ ಬಾವಿಗೆ ಇಳಿದಂತೆ ಇಳಿದಿತ್ತು. ಸಪ್ಪಳದಿಂದ ಹಾಳಾಗುವ ಕಿವಿ ಮೊದಲು ಕಳೆದುಕೊಳ್ಳುವುದೇ ಆ ಸಣ್ಣ, ಚೂಪು ದನಿಗಳನ್ನು. ಒಳಕಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವು ಇರುವುದಿಲ್ಲ, ರಕ್ತ ಬರುವುದಿಲ್ಲ. ಅದಕ್ಕೇ ಮಂದಿ "ರೂಢಿ ಆಗೇದ ಬಿಡ್ರಿ" ಅನ್ನುತ್ತಾರೆ. ರೂಢಿ ಆಗಿರುವುದಿಲ್ಲ, ಅಷ್ಟು ಕಿವಿ ಹೋಗಿರುತ್ತದೆ.

ನಿಮ್ಮ ಜಾಗದಲ್ಲಿ ಸಪ್ಪಳ ಹೆಚ್ಚಿದೆಯೇ ಎಂದು ನೋಡಲು ಮಶಿನ್ ಬೇಕಿಲ್ಲ. ಒಂದು ಮಾರು ದೂರವೂ ಬೇಡ, ಒಂದು ಕೈ ಅಳತೆಯಲ್ಲಿ ನಿಂತವನ ಜೊತೆ ದನಿ ಏರಿಸಿ ಮಾತಾಡಬೇಕಾದರೆ ಅಲ್ಲಿ 85 ಡೆಸಿಬಲ್ ದಾಟಿದೆ ಎಂದೇ ಇಟ್ಟುಕೊಳ್ಳಿ. ಪಾಳಿ ಮುಗಿದ ಮೇಲೆ ಕಿವಿ ಗುಂಯ್ ಅಂದರೆ, ಮನೆಯಲ್ಲಿ ಟಿವಿ ದನಿ ಹೆಚ್ಚಿಸಿದ್ದಕ್ಕೆ ಮಕ್ಕಳು ಬೈದರೆ, ಅದೂ ಒಂದು ಲೆಕ್ಕ. ಮೊಬೈಲಿನಲ್ಲಿ ಸಪ್ಪಳ ಅಳೆಯುವ ಆ್ಯಪ್ ಸಿಗುತ್ತವೆ. ಪಕ್ಕಾ ಅಲ್ಲ, ಅಂದಾಜಿಗೆ ಸಾಕು. ಫೋನನ್ನು ಮಶಿನ್ನಿಗೆ ತಾಗಿಸಬೇಡಿ, ಕೆಲಸದವನ ಕಿವಿ ಇರುವ ಕಡೆ ಹಿಡಿಯಿರಿ.

ನಮ್ಮ ಫ್ಯಾಕ್ಟರಿ ನಿಯಮಗಳು ಇಟ್ಟುಕೊಂಡು ಬಂದ ಮಿತಿ 8 ತಾಸಿಗೆ 90 ಡೆಸಿಬಲ್, 95 ಇದ್ದರೆ 4 ತಾಸು, 100 ಇದ್ದರೆ 2 ತಾಸು. ದುಡಿಯುವವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ: 8 ತಾಸಿಗೆ 85, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧ. ಆ ಪ್ರಕಾರ 97ರಲ್ಲಿ ಅರ್ಧ ತಾಸು ಅಷ್ಟೇ. ಕಿವಿ ಹೋದ ಮೇಲೆ ನಾನು ನಂಬುವುದು ಈ ಎರಡನೇ ಲೆಕ್ಕವನ್ನು.

ಎಲ್ಲರೂ ಮೊದಲು ಕಿವಿಗೆ ಹಾಕುವ ಪ್ಲಗ್ ತರಲು ಓಡುತ್ತಾರೆ. ನಾನು ಪಾನಾ ತಗೊಳ್ಳಿ ಅನ್ನುತ್ತೇನೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡು ಮಿಲ್ಲಿನಲ್ಲಿ ಒಂದು ಸುತ್ತು ಹೊಡೆಯಿರಿ. ತಗಡಿನ ಗಾರ್ಡುಗಳ ಬೋಲ್ಟ್ ಸಡಿಲಾಗಿ ಅವೇ ಹಲಗೆಯಂತೆ ಬಾರಿಸುತ್ತಿರುತ್ತವೆ. ರಬ್ಬರ್ ವಾಷರ್ ಹಾಕಿ ಬಿಗಿ ಮಾಡಿ. ಬೆಲ್ಟ್ ಜಾರಿ ಕಿರುಚುತ್ತಿದ್ದರೆ ಬಿಗಿ ಮಾಡಿ, ಸವೆದಿದ್ದರೆ ಬದಲಿಸಿ. ಬೇರಿಂಗಿಗೆ ಗ್ರೀಸ್ ಹಾಕುವ ವಾರ ಗೋಡೆ ಮೇಲೆ ಬರೆದಿಡಿ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭ ಆದದ್ದು ಕಾಳನ್ನು ಮೇಲೆತ್ತುವ ಎಲಿವೇಟರಿನಿಂದ ಅದು ಬೀಳುವ ತಗಡಿನ ಕೊಳವೆಯಲ್ಲಿ. ಒಣ ತೊಗರಿ ಆರೇಳು ಅಡಿ ಮೇಲಿಂದ ಬರೀ ತಗಡಿಗೆ ಬಡಿದರೆ ಆಲಿಕಲ್ಲು ಮಳೆಯ ಸಪ್ಪಳ. ಅದೂ ದಿನವಿಡೀ. ಕಾಳು ಬಡಿಯುವ ಕಡೆ ಹಳೇ ಕನ್ವೇಯರ್ ಬೆಲ್ಟಿನ ತುಂಡು ಹಚ್ಚಿದೆವು. ಬೋಲ್ಟಿನ ತಲೆಗಳನ್ನು ರಬ್ಬರಿನೊಳಗೆ ಮುಳುಗಿಸಿ ಕೂರಿಸಬೇಕು, ಇಲ್ಲದಿದ್ದರೆ ಕಾಳು ಅಲ್ಲಿ ತಡೆದು ಒಡೆಯುತ್ತದೆ. ಬೀಳುವ ಎತ್ತರವನ್ನೂ ತಗ್ಗಿಸಿದೆವು. ನುಚ್ಚು ಕಮ್ಮಿ ಆಯಿತು ಎಂದು ಸಾವ್ಕಾರರು ಖುಷಿಯಾದರು. ಕಿವಿಯ ಮಾತಿಗೆ ಅವರು ಕಿವಿ ಕೊಟ್ಟದ್ದು ಆಮೇಲೆ.

ಕಂಪ್ರೆಸರನ್ನು ಗೋಡೆಯ ಆಚೆ ಇಡಿಸಿ. ಒಂದೇ ಜೋರಿನ ಎರಡು ಮಶಿನ್ ಸೇರಿದರೆ 3 ಡೆಸಿಬಲ್ ಏರುತ್ತದೆ, ಹಾಗಾಗಿ ಒಂದನ್ನು ಹೊರಗೆ ಹಾಕಿದರೂ ಲಾಭವೇ. ಬುತ್ತಿ ಬಿಚ್ಚುವುದು ರೋಲಿನ ಬದಿಯಲ್ಲಿ ಬೇಡ, ಅಂಗಳದಲ್ಲಿ ಕೂತು ಉಣ್ಣಿ. ಆ ಅರ್ಧ ತಾಸು ಕಿವಿಗೂ ಊಟದ ಹೊತ್ತು.

ಇಷ್ಟಾದರೂ ಪಾಲಿಶ್ ಕಡೆ, ರೋಲ್ ಕಡೆ ಸಪ್ಪಳ ಉಳಿಯುತ್ತದೆ. ಅಲ್ಲಿ ಪ್ಲಗ್ ಬೇಕೇ ಬೇಕು. ಅರಳೆ ತುರುಕಿದರೆ, ರುಮಾಲು ಸುತ್ತಿದರೆ, ಸೆರಗು ಬಿಗಿದರೆ ಧೂಳು ತಡೆಯುತ್ತದೆ, ಸಪ್ಪಳ ತಡೆಯುವುದಿಲ್ಲ. ಫೋಮಿನ ಪ್ಲಗ್ಗನ್ನು ಹಾಕುವ ರೀತಿ ಹೀಗೆ. ಮೊದಲು ಕೈ ತೊಳೆಯಿರಿ. ತೊಗರಿ ಧೂಳಿನ ಬೆರಳಿನಿಂದ ಹಾಕಿದರೆ ಕಿವಿ ತುರಿಸಿ, ಸೋರಲು ಶುರುವಾಗುತ್ತದೆ. ದೀಪದ ಬತ್ತಿ ಹೊಸೆದಂತೆ ಪ್ಲಗ್ಗನ್ನು ಬೆರಳಲ್ಲಿ ಸಣ್ಣಗೆ ಹೊಸೆಯಿರಿ, ಮಡಿಕೆ ಬೀಳಬಾರದು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಸೊಟ್ಟ ಹಾದಿ ನೆಟ್ಟಗಾಗುತ್ತದೆ. ಒಳಗೆ ಸೇರಿಸಿ, ಬೆರಳಿನಿಂದ 30 ಎಣಿಸುವವರೆಗೆ ಒತ್ತಿ ಹಿಡಿಯಿರಿ. ಈ 30 ಎಣಿಸುವ ತಾಳ್ಮೆ ಯಾರಿಗೂ ಇಲ್ಲ, ಅಲ್ಲೇ ಎಲ್ಲ ಕೆಡುವುದು. ಬಿಟ್ಟರೆ ಫೋಮು ಉಬ್ಬುತ್ತಾ ಹೊರಗೆ ಬಂದು ಬಿಡುತ್ತದೆ.

ಸರಿ ಕೂತಿದೆಯೇ? ಮಾತಾಡಿ ನೋಡಿ. ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದಂತೆ ನಿಮ್ಮ ದನಿ ನಿಮಗೇ ದಪ್ಪಗೆ ಕೇಳಬೇಕು. ಎರಡೂ ಅಂಗೈಯಿಂದ ಕಿವಿ ಮುಚ್ಚಿ, ಕೈ ತೆಗೆಯಿರಿ. ಸಪ್ಪಳದಲ್ಲಿ ಹೆಚ್ಚು ಫರಕು ಕಾಣಬಾರದು. ಎದುರಿಗೆ ನಿಂತವನಿಗೆ ಪ್ಲಗ್ಗಿನ ಬಾಲ ಕಂಡರೆ ಅದು ಜುಮುಕಿ ಹಾಕಿಕೊಂಡಂತೆ, ಅಷ್ಟೇ. ತೆಗೆಯುವಾಗ ಮೆಲ್ಲಗೆ ತಿರುವಿ ತೆಗೆಯಿರಿ, ಒಮ್ಮೆಲೇ ಎಳೆದರೆ ಕಿವಿಯ ತಮಟೆಗೆ ನೋವಾಗುತ್ತದೆ.

ಪಾಳಿಯ ನಡುವೆ "ಐದು ನಿಮಿಷ" ಎಂದು ತೆಗೆಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 30 ಡೆಸಿಬಲ್ ತಡೆಯುವ ಪ್ಲಗ್ಗನ್ನು 8 ತಾಸಿನಲ್ಲಿ ಅರ್ಧ ತಾಸು ತೆಗೆದಿಟ್ಟರೂ ದಿನದ ಒಟ್ಟು ರಕ್ಷಣೆ ಸುಮಾರು 12 ಡೆಸಿಬಲ್‌ಗೆ ಇಳಿಯುತ್ತದೆ. ಮಾತಾಡಬೇಕಿದ್ದರೆ ಹೊರಗೆ ಬನ್ನಿ.

ತಲೆ ಮೇಲೆ ಕೂರುವ ಇಯರ್‌ಮಫ್ ಹಾಕಲು ಸುಲಭ, ಆದರೆ ಕಲಬುರಗಿಯ ಮೇ ತಿಂಗಳಲ್ಲಿ ಅದನ್ನು 8 ತಾಸು ಹಾಕಿಕೊಳ್ಳಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗಾಳಿ ಪೈಪು ಹಿಡಿದು ಧೂಳು ಹೊಡೆಯುವ ಹತ್ತು ನಿಮಿಷದ ಕೆಲಸಕ್ಕೆ ಅದು ಚಲೋ. ಟೋಪಿ, ಕನ್ನಡಕದ ಕಡ್ಡಿ, ಓಲೆ ನಡುವೆ ಸಿಕ್ಕರೆ ಸಂದಿಯಿಂದ ಸಪ್ಪಳ ನುಗ್ಗುತ್ತದೆ.

ಪ್ಲಗ್ ಹಾಕಿದವನಿಗೆ ಹಿಂದಿನಿಂದ ಕೂಗಿದರೆ ಕೇಳದೆ ಹೋಗಬಹುದು. ನಮ್ಮ ಹಮಾಲರ ಜೊತೆ ಕೈಸನ್ನೆ ಗೊತ್ತು ಮಾಡಿಕೊಂಡಿದ್ದೇವೆ: ತಲೆ ಮೇಲೆ ಎರಡು ಕೈ ಅಡ್ಡ ಹಿಡಿದರೆ ಮಶಿನ್ ನಿಲ್ಲಿಸು ಎಂದು. ಲಾರಿ ಹಿಂದೆ ಬರುವಾಗ ಬ್ಯಾಟರಿ ಬೆಳಕು ಬೀಸುತ್ತೇವೆ.

ವರ್ಷಕ್ಕೊಮ್ಮೆ ಕಿವಿ ತಪಾಸಣೆ ಮಾಡಿಸಿ. ಸೋಮವಾರ ಮುಂಜಾನೆ, ಕೆಲಸಕ್ಕೆ ಹೋಗುವ ಮೊದಲು ಹೋಗಿ. ದಣಿದ ಕಿವಿಯಿಂದ ಪರೀಕ್ಷೆಗೆ ಕೂತರೆ ಲೆಕ್ಕ ತಪ್ಪುತ್ತದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡ್ ಇದ್ದವರು ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇದ್ದು, ಮಿಲ್ಲಿನಲ್ಲಿ 10 ಅಥವಾ ಹೆಚ್ಚು ಜನ ದುಡಿಯುತ್ತಿದ್ದರೆ ಕಾರ್ಡ್ ಯಾಕಿಲ್ಲ ಎಂದು ಕೇಳಿ. ಸಪ್ಪಳದಿಂದ ಕಿವಿ ಮಂದವಾಗುವುದು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪ್ರತಿ ವರ್ಷದ ಗ್ರಾಫನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಪರಿಹಾರ ಕೇಳುವ ದಿನ ಬಂದರೆ ಮೊದಲ ವರ್ಷದ ಕಾಗದವೇ ಬೇಕಾಗುತ್ತದೆ. ನನ್ನ ಬಳಿ ಅದಿರಲಿಲ್ಲ.

ಬೇರಿಂಗ್ ನೋಡುವ ಕೆಲಸ ಈಗ ಆ ಹುಡುಗನದು. ಪ್ಲಗ್ ತೆಗೆಯದೆ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತುತ್ತಾನೆ. ಎಲುಬಿನಿಂದಲೇ ಚೀಂ ಎನ್ನುವುದು ತಿಳಿಯುತ್ತದಂತೆ.