ಮೊದಲು ನಿಮ್ಮ ಶೂ ಹಾಕಿಕೊಳ್ಳಿ

ಆಟದ ಮೈದಾನದ ಬೆಂಚಿನಲ್ಲಿ ಕೂತು, ಮೊಬೈಲಿನಿಂದ ತಲೆ ಎತ್ತದೆ "ಹೋಗು, ಓಡಾಡು" ಅನ್ನುವ ಅಪ್ಪ ಅಮ್ಮಂದಿರನ್ನು ನೋಡಿದ್ದೀರಲ್ವಾ? ಆ ಬೆಂಚಿನಲ್ಲಿ ನಾನೂ ಕೂತವಳೇ. ಮಗಳು ಎರಡು ಸುತ್ತು ಓಡಿ ಬಂದು, ಪಕ್ಕದಲ್ಲಿ ಕೂತು ನನ್ನ ಮೊಬೈಲನ್ನೇ ಇಣುಕುತ್ತಿದ್ದಳು.

ಮೊದಲು ಲೆಕ್ಕ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಒಂದೇ ಸಲ ಆಗಬೇಕಿಲ್ಲ, ಹತ್ತು ಹದಿನೈದು ನಿಮಿಷದಂತೆ ಹಂಚಿದರೂ ಸರಿ. ಮಗುವಿಗೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ಸಾಕು. ವಾರದಲ್ಲಿ ಮೂರು ದಿನವಾದರೂ ಜೋರು ಓಟ, ಜಿಗಿತ, ಹತ್ತಿ ಇಳಿಯುವ ಆಟ ಇರಲಿ.

ಮುಂದಿನದೇ ಕಷ್ಟದ ಹಂತ: ಟಿವಿಯಿಂದ ಬಾಗಿಲವರೆಗೆ ಬರುವುದು. ಎಲ್ಲರೂ ಎಡವುವುದು ಇಲ್ಲೇ. ಟಿವಿಯಲ್ಲಿನ ಆಟ ಅರ್ಧಕ್ಕಿರುವಾಗ ಫಟ್ಟನೆ ಸ್ವಿಚ್ ಆರಿಸುತ್ತಾರೆ. ಅಲ್ಲಿಗೆ ರಂಪ ಶುರು. ಹಾಗೆ ಮಾಡಬೇಡಿ. ಪಕ್ಕದಲ್ಲಿ ಎರಡು ನಿಮಿಷ ಕೂತು "ಇದು ಯಾವಾಗ ಮುಗಿಯುತ್ತೆ?" ಎಂದು ಕೇಳಿ. ಮುಗಿಯುವಷ್ಟರಲ್ಲಿ ನೀವು ಶೂ ಹಾಕಿಕೊಂಡು, ಲೇಸ್ ಕಟ್ಟಿ, ಬಾಗಿಲ ಬಳಿ ಚೆಂಡು ಪುಟಿಸುತ್ತಿರಬೇಕು. "ವ್ಯಾಯಾಮ" ಅನ್ನುವ ಪದ ಬಾಯಿಗೆ ಬರಕೂಡದು. ಚೆಂಡಿನ ಸದ್ದೇ ಸಾಕು. ನಮ್ಮ ಮನೆಯಲ್ಲಿ ಮೊದಲ ನಾಲ್ಕು ದಿನ ನಾನೊಬ್ಬಳೇ ಪೆದ್ದಿಯ ಹಾಗೆ ಚೆಂಡು ಪುಟಿಸಿದೆ. ಐದನೇ ದಿನ ಅವಳು ಬಂದು ಕಿತ್ತುಕೊಂಡಳು.

ಹೊರಗೆ ಹೋದ ಮೇಲೆ ಆಟ ಯಾವುದೆಂದು ಮಗುವೇ ಹೇಳಲಿ. ನೀವು ಸೋಲಿ, ಆದರೆ ಬೇಕೆಂದೇ ಸೋತದ್ದು ಗೊತ್ತಾಗಬಾರದು. "ಇನ್ನೊಂದೇ ಒಂದು ಸಲ" ಅಂದಾಗ ಒಂದು ಸಲ ಆಡಿ ನಿಲ್ಲಿಸಿ. ಸುಸ್ತಾಗಿ ಅಳುವವರೆಗೂ ಎಳೆದರೆ ನಾಳೆ ಹೊರಡಿಸುವುದು ಇನ್ನೂ ಕಷ್ಟ. ತಪ್ಪು ಮಾಡಿದ್ದಕ್ಕೆ ಮೈದಾನ ಸುತ್ತಿಸುವ ಶಿಕ್ಷೆಯಂತೂ ಬೇಡವೇ ಬೇಡ.

ಅಂದಹಾಗೆ, ಮಕ್ಕಳಿಗೆ ಹೆಜ್ಜೆ ಎಣಿಸುವ ಬ್ಯಾಂಡ್ ಕೊಡಿಸಬೇಡಿ. ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಅನ್ನುವುದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯರ ಚೀಟಿಯಿಂದಲ್ಲ. ನಾನು ಕೊಡಿಸಿದ್ದೆ. ಅವಳು ಹಾಸಿಗೆಯಲ್ಲಿ ಮಲಗಿ ಕೈ ಅಲ್ಲಾಡಿಸುತ್ತಾ ಹೆಜ್ಜೆ ಏರಿಸುತ್ತಿದ್ದಳು!

ಉಳಿದದ್ದು ಸುಲಭ. ಬಾಯಾರಿದರೆ ನೀರು ಕೊಡಿ, ಸಿಹಿ ಪಾನೀಯ ಮನೆಗೇ ತರಬೇಡಿ. ಹೆಚ್ಚಿದ ಹಣ್ಣು ಮಗುವಿನ ಕೈಗೆ ಸಿಗುವಲ್ಲಿಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಹಾಗಾಗಿ ಮೊಬೈಲುಗಳು ರಾತ್ರಿ ಮಲಗುವ ಕೋಣೆಯ ಹೊರಗಿರಲಿ. ನಿಮ್ಮದೂ ಸೇರಿ.

ಮಳೆ ಬಂದರೆ ದಿಂಬುಗಳನ್ನು ನೆಲಕ್ಕೆ ಹಾಕಿ, ನೆಲ ಮುಟ್ಟದೆ ಅಡುಗೆಮನೆ ತಲುಪಬೇಕು ಅನ್ನಿ. ನೀವೂ ಜಿಗಿಯಬೇಕು. ದಿಂಬಿನ ಕವರ್ ಆಮೇಲೆ ಒಗೆದರಾಯಿತು.