ಆಂಡ್ರೊಮಿಡಾದಲ್ಲಿ ಲೇಸರ್ ಹುಡುಕೋದು ಹೇಗೆ

ಏಲಿಯನ್ಸ್ ಹುಡುಕಾಟ ಅಂದ್ರೆ ಎಲ್ರಿಗೂ ರೇಡಿಯೋನೇ ನೆನಪಾಗೋದು, ಆದ್ರೆ ಲೇಸರ್ ಐಡಿಯಾನೂ ಹಳೇದೇ, 1961ರಲ್ಲೇ ಭೌತವಿಜ್ಞಾನಿಗಳಾದ ಶ್ವಾರ್ಟ್ಜ್ ಮತ್ತೆ ಟೌನ್ಸ್ ನೇಚರ್ ಪತ್ರಿಕೇಲಿ ಬರೆದಿದ್ರು. ಒಂದೊಂದೇ ನಕ್ಷತ್ರ ನೋಡ್ತಾ ಕೂತ್ರೆ ಜನ್ಮ ಸಾಲಲ್ಲ ಅಂತ ಅಮೆರಿಕದ ಸಾಂಟಾ ಬಾರ್ಬರಾದ ವಿಜ್ಞಾನಿ ಫಿಲಿಪ್ ಲೂಬಿನ್ ತಂಡ ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾ ಕಡೆ ತಿರುಗ್ತು, ಅಲ್ಲಿ ಒಟ್ಟಿಗೇ ಸುಮಾರು ಲಕ್ಷ ಕೋಟಿ ನಕ್ಷತ್ರ ಸಿಗುತ್ತೆ. ಆದ್ರೆ 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಕಾಣೋ ಲೇಸರ್ ಬಿಡೋರು ನಮಗಿಂತ ಸಿಕ್ಕಾಪಟ್ಟೆ ಮುಂದಿರ್ಬೇಕು, ನಮ್ಮ ಕಡೆಗೇ ಗುರಿನೂ ಇಟ್ಟಿರ್ಬೇಕು.

ಟೆಲಿಸ್ಕೋಪ್ ಇಲ್ದಿದ್ರೂ ಪರ್ವಾಗಿಲ್ಲ. ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಆಕಾಶದ ಫೋಟೋ ಮತ್ತೆ ಮತ್ತೆ ತೆಗೆಯೋ ಜ್ವಿಕಿ ಟ್ರಾನ್ಸಿಯಂಟ್ ಫೆಸಿಲಿಟಿಯ ಡೇಟಾ ಫ್ರೀಯಾಗಿ ಸಿಗುತ್ತೆ, ಬೇರೆ ಬೇರೆ ರಾತ್ರಿಯ ಫೋಟೋ ಇಳಿಸ್ಕೊಳ್ಳಿ. ಚೆನ್ನಾಗಿರೋ ಒಂದಷ್ಟು ಫ್ರೇಮ್ ಸೇರಿಸಿ ರೆಫರೆನ್ಸ್ ಮಾಡ್ಕೊಂಡು, ಹೊಸ ಫೋಟೋನ ಅದರ ಜೊತೆ ಅಲೈನ್ ಮಾಡಿ, ನಕ್ಷತ್ರಗಳ ಮಸುಕು ಎರಡರಲ್ಲೂ ಒಂದೇ ಥರ ಬರೋ ಹಾಗೆ ಹೊಂದಿಸಿ, ಆಮೇಲೆ ಹೊಸದ್ರಿಂದ ರೆಫರೆನ್ಸ್‌ನ ಕಳೀಬೇಕು, ಆಗ ಬದಲಾಗಿರೋದು ಮಾತ್ರ ಚುಕ್ಕೆಯಾಗಿ ಉಳಿಯುತ್ತೆ. ಈ ಮಸುಕು ಹೊಂದಿಸೋದ್ರಲ್ಲಿ ಅವಸರ ಮಾಡ್ಬೇಡಿ, ಇಲ್ಲಾಂದ್ರೆ ಪ್ರತಿ ನಕ್ಷತ್ರದ ಸುತ್ತ ಕಪ್ಪು ಬಿಳಿ ಉಂಗುರ ಬಂದು ಎಲ್ಲಾನೂ ಸಿಗ್ನಲ್ ಥರಾನೇ ಕಾಣುತ್ತೆ.

ಉಳಿದ ಚುಕ್ಕೆಗಳನ್ನ ಜರಡಿ ಹಿಡಿಯೋದೇ ನಿಜವಾದ ಕೆಲಸ. ಒಂದೇ ಪಿಕ್ಸೆಲ್‌ನಲ್ಲಿ ಚೂಪಾಗಿದ್ರೆ ಅದು ಕಾಸ್ಮಿಕ್ ರೇ, ಅಂದ್ರೆ ಬಾಹ್ಯಾಕಾಶದಿಂದ ಬಂದು ಕ್ಯಾಮೆರಾಗೆ ಬಡಿಯೋ ಕಣ, ಗೆರೆ ಬಂದ್ರೆ ಸ್ಯಾಟಲೈಟ್, ಸರೀತಾ ಹೋದ್ರೆ ಕ್ಷುದ್ರಗ್ರಹ. ವಾರಗಟ್ಲೆ ಮಂಕಾಗ್ತಾ ಹೋದ್ರೆ ನೋವಾ (ಇದ್ದಕ್ಕಿದ್ದಂತೆ ಭುಗಿಲೆದ್ದು ಹೊಳೆಯೋ ನಕ್ಷತ್ರ) ಇರ್ಬಹುದು, ಆಂಡ್ರೊಮಿಡಾದಲ್ಲಿ ವರ್ಷಕ್ಕೆ ಹತ್ತಾರು ನೋವಾ ಆಗುತ್ತೆ. ಬೆಳಕು ಕ್ರಮವಾಗಿ ಏರಿಳೀತಾ ಇದ್ರೆ ಸೆಫೀಡ್ ಅನ್ನೋ ಥರದ ನಕ್ಷತ್ರ, ಖಗೋಳ ವಿಜ್ಞಾನಿ ಹಬಲ್ 1923ರಲ್ಲಿ ಅಲ್ಲಿ ಕಂಡಿದ್ದೂ ಅದೇ.

ಲೇಸರ್ ಒಂದೇ ಬಣ್ಣದ್ದು, ಹಾಗಾಗಿ ಹಸಿರು ಫಿಲ್ಟರ್‌ನಲ್ಲಿ ಹೊಳೆಯೋದು ಅದೇ ಹೊತ್ತಿಗೆ ಕೆಂಪಲ್ಲಿ ಕಾಣ್ಲಿಲ್ಲ ಅಂದ್ರೆ ಕಿವಿ ನಿಮಿರಿಸ್ಬಹುದು, ಆದ್ರೂ ಕುಣೀಬೇಡಿ. ಪ್ಲಾನೆಟರಿ ನೆಬ್ಯುಲಾನೂ (ಸಾಯೋ ನಕ್ಷತ್ರ ಹೊರಗೆ ಬಿಟ್ಟ ಅನಿಲದ ಮೋಡ) 500.7 ನ್ಯಾನೋಮೀಟರ್‌ನಲ್ಲಿ ಹಾಗೇ ಹೊಳೆಯುತ್ತೆ, ಆದ್ರೆ ಅದು ಹಳೇ ಫೋಟೋದಲ್ಲೂ ಇದ್ದೇ ಇರುತ್ತೆ, ಹಾಗಾಗಿ ಸರಿಯಾಗಿ ಕಳೆದ್ರೆ ಮಾಯ ಆಗ್ಬೇಕು. ಕೊನೇ ತೀರ್ಪು ಸ್ಪೆಕ್ಟ್ರಮ್‌ದೇ, ಅಂದ್ರೆ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣೋ ಗೆರೆಗಳದ್ದು. ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರ್ತಿರೋದ್ರಿಂದ ಬೆಳಕಿನ ತರಂಗಾಂತರ ಸ್ವಲ್ಪ ಕುಗ್ಗಿ ಅಲ್ಲಿಯ ಹೈಡ್ರೋಜನ್ ಗೆರೆ 656.3 ನ್ಯಾನೋಮೀಟರ್ ಬದ್ಲು 655.6ರ ಆಸುಪಾಸಲ್ಲಿರುತ್ತೆ, ಗ್ಯಾಲಕ್ಸಿ ತಿರುಗೋದ್ರಿಂದ ಇನ್ನೂ ಸ್ವಲ್ಪ ಆಚೆ ಈಚೆ, ಆ ಲೆಕ್ಕ ಮಾಡದೇ ಗೆರೆಗೆ ಹೆಸರು ಕೊಡ್ಬೇಡಿ. ಗೊತ್ತಿರೋ ಯಾವ ಗೆರೆಗೂ ಹೊಂದದೇ, ಅದೇ ಜಾಗದಲ್ಲಿ ಮತ್ತೆ ಬಂದು, ಇನ್ನೊಂದು ಟೆಲಿಸ್ಕೋಪ್‌ಗೂ ಕಂಡ್ರೆ ಮಾತ್ರ ಪ್ರೊಫೆಷನಲ್‌ಗಳ ಬಾಗಿಲು ತಟ್ಟಿ. ಲಡಾಖ್‌ನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪ್‌ನ ನಡೆಸೋದು ನಮ್ಮ ಹೊಸಕೋಟೆಯಿಂದಾನೇ.