ವಿಮಾನ ಹತ್ತುವ ಮೊದಲು ಘಾಟಿಯಲ್ಲೇ ಕಿವಿ ಪರೀಕ್ಷೆ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಕಣ್ಣೂರಿಗೋ ಮಂಗಳೂರಿಗೋ ಹೋಗಬೇಕು ಅಂದರೆ ಘಾಟಿ ಇಳಿಯಲೇಬೇಕು. ನೆಗಡಿ ಇರುವಾಗ ವಿಮಾನ ಹತ್ತಿದರೆ ಕಿವಿ ನೋಯಬಹುದು, ಮೊದಲೇ ಕಿವಿ ಪರೀಕ್ಷಿಸಲು ಘಾಟಿಯೇ ಒಳ್ಳೆಯ ಜಾಗ. ಮಾಕುಟ್ಟ ಅಥವಾ ಸಂಪಾಜೆ ಘಾಟಿ ಇಳಿಯುವಾಗ ಎಂಜಲು ನುಂಗುತ್ತಾ ಬನ್ನಿ. ಎರಡೂ ಕಿವಿ ‘ಟಪ್’ ಎಂದು ಬಿಟ್ಟುಕೊಂಡರೆ ಒಳ್ಳೆಯದು. ಕೆಳಗೆ ತಲುಪಿದ ಮೇಲೂ ಕಿವಿ ಮುಚ್ಚಿಕೊಂಡೇ ಇದ್ದರೆ ಅಥವಾ ಹುಬ್ಬಿನ ಮೇಲೆ ನೋವು ಶುರುವಾದರೆ, ವಿಮಾನದಲ್ಲಿ ಇನ್ನೂ ಜಾಸ್ತಿಯಾಗಬಹುದು.

ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಒಂದು ಸಣ್ಣ ಕೊಳವೆ ಇದೆ. ಮೇಲೇರುವಾಗ ಕಿವಿಯ ಗಾಳಿ ಅದರ ಮೂಲಕ ಸುಲಭವಾಗಿ ಹೊರಬರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು, ತೊಂದರೆ ಇರುವುದು ಅಲ್ಲೇ. ನೆಗಡಿಯಿಂದ ಕೊಳವೆ ಊದಿಕೊಂಡಿದ್ದರೆ ಗಾಳಿ ಹೋಗದೆ ಕಿವಿಯ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸೈನಸ್ (ಮೂಗಿನ ಸುತ್ತ ಮೂಳೆಯೊಳಗಿರುವ ಗಾಳಿಗೂಡು) ದಾರಿ ಕಟ್ಟಿದ್ದರೆ ಹಣೆ, ಕೆನ್ನೆ ನೋಯುತ್ತವೆ. ಹಾರುವ ವಿಮಾನದ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ. ಕೊಡಗಿನ ಅತಿ ಎತ್ತರದ ಬೆಟ್ಟ, ನಮ್ಮ ತಡಿಯಂಡಮೋಳ್ ತುದಿಯೇ 1,748 ಮೀಟರ್!

ಜೋರು ನೆಗಡಿ, ಸೈನಸ್ ಸೋಂಕು ಇದ್ದರೆ ಪ್ರಯಾಣ ಮುಂದೂಡುವುದೇ ಸರಿ. ಕೊಡಗಿನ ಮಳೆಗಾಲದಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಹೋಗಲೇಬೇಕಾದರೆ ವೈದ್ಯರನ್ನು ಕೇಳಿ, ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್‌ನಂಥ ಮೂಗಿನ ಸ್ಪ್ರೇ ಇಟ್ಟುಕೊಳ್ಳಿ. ವಿಮಾನ ಇಳಿಯತೊಡಗುವ ಅರ್ಧದಿಂದ ಒಂದು ಗಂಟೆ ಮೊದಲು ಅದನ್ನು ಹಾಕಿಕೊಳ್ಳಬೇಕು. ಕಣ್ಣೂರು–ಬೆಂಗಳೂರಿನಂಥ ಸಣ್ಣ ಪ್ರಯಾಣಕ್ಕಾದರೆ ಹತ್ತುವ ಮೊದಲೇ ಹಾಕಿಕೊಳ್ಳಿ. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಕೇಳದೆ ಬಳಸಬೇಡಿ. ದಿನಗಟ್ಟಲೆ ಹಾಕುತ್ತಾ ಹೋದರೆ ಮೂಗು ಇನ್ನಷ್ಟು ಕಟ್ಟುತ್ತದೆ.

ಇಳಿಯುವ ಹೊತ್ತಿನಲ್ಲಿ ನಿದ್ದೆ ಮಾತ್ರ ಬೇಡ. ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಚೂಯಿಂಗ್ ಗಮ್ ಜಗಿಯಿರಿ, ಆಕಳಿಸಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಸಾಲದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು, ಮೆಲ್ಲಗೆ ಊದಿ. ಮೆಲ್ಲಗೆ ಅಂದರೆ ಮೆಲ್ಲಗೆ! ಜೋರು ಮಾಡಿದರೆ ಕಿವಿಗೇ ಪೆಟ್ಟು. ನೋವು ಬರುವವರೆಗೆ ಕಾಯದೆ ಮೊದಲೇ ಶುರುಮಾಡಿ, ಆಗಾಗ ಮಾಡುತ್ತಿರಿ. ಕೂಸಿಗೆ ಆಗ ಹಾಲು ಕುಡಿಸಿದರೆ ಸಾಕು.

ಇಳಿದ ಮೇಲೂ ಕಿವಿ ಮುಚ್ಚಿಕೊಂಡಿದ್ದರೆ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಬೇಡ. ಮಂಗಳೂರಿನಲ್ಲಿ ಇಳಿದು ಮಡಿಕೇರಿ ಕಡೆ ಹತ್ತುವಾಗ ಹೊರಗಿನ ಒತ್ತಡ ಕಡಿಮೆಯಾಗಿ ಸ್ವಲ್ಪ ಹಗುರ ಅನ್ನಿಸಬಹುದು. ಹೆಚ್ಚಿನವರಿಗೆ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ತಲೆ ಸುತ್ತಿದರೆ, ಕೇಳಿಸದೇ ಹೋದರೆ ಮಾತ್ರ ಕಾಯಬೇಡಿ, ಆವತ್ತೇ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.